ತೂಕ ಇಳಿದಿಲ್ಲ, ತೊಡೆ ಮಾತ್ರ ಸೊರಗಿದೆ: ಯಕೃತ್ತಿನ ಕ್ಯಾನ್ಸರ್ ಮತ್ತು ಸ್ನಾಯುಕ್ಷಯ

ಪ್ರಶ್ನೆ: ನನ್ನ ತಂದೆಗೆ 62 ವರ್ಷ. ಹೆಪಟೈಟಿಸ್ ಬಿ ಸೋಂಕಿನಿಂದ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ) ಆಗಿ, ಕಳೆದ ವರ್ಷ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಯಿತು. ಎರಡು ಬಾರಿ ಟೇಸ್ ಚಿಕಿತ್ಸೆ (ಗಡ್ಡೆಗೆ ರಕ್ತ ಒಯ್ಯುವ ನಾಳದೊಳಗೆ ಔಷಧ ಬಿಟ್ಟು ಅದನ್ನು ಮುಚ್ಚುವುದು) ಮಾಡಿದ್ದಾರೆ. ಎರಡು ತಿಂಗಳಿಂದ ಲೆನ್ವಾಟಿನಿಬ್ ಎಂಬ ಕ್ಯಾನ್ಸರ್ ಔಷಧದ ಕ್ಯಾಪ್ಸೂಲ್ ನಡೆಯುತ್ತಿದೆ. ತೂಕ ಮೊದಲಿನಂತೆ 63 ಕೆ.ಜಿ. ಇದೆ. ಆದರೆ ತೊಡೆ, ತೋಳು, ಕೆನ್ನೆ ಸೊರಗಿವೆ, ಹೊಟ್ಟೆ ಉಬ್ಬಿದೆ, ಪಾದ ಊದಿದೆ, ಕುರ್ಚಿಯಿಂದ ಏಳಲು ಕೈಯೂರಬೇಕಾಗುತ್ತದೆ. ನೆಂಟರ ಸಲಹೆಯಂತೆ ಬೇಳೆ, ಮೊಟ್ಟೆ ನಿಲ್ಲಿಸಿ ಗಂಜಿ, ಎಳನೀರು ಕೊಡುತ್ತಿದ್ದೇವೆ. ಪೂರ್ಣ ವಿಶ್ರಾಂತಿಯಲ್ಲಿ ಇರಿಸಿದ್ದೇವೆ. ಈ ಸೊರಗುವಿಕೆಯಿಂದ ಚಿಕಿತ್ಸೆಗೆ ತೊಂದರೆಯೇ? ನಾವೇನು ಮಾಡಬೇಕು?
– ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ನೀವು ಗಮನಿಸಿರುವುದು ನಿಜಕ್ಕೂ ಮುಖ್ಯವಾದ ಸಂಗತಿ. ತೂಕದ ಯಂತ್ರ ಹೇಳದಿರುವುದನ್ನು ನಿಮ್ಮ ಕಣ್ಣು ಹೇಳಿದೆ. ಸ್ನಾಯು ಕರಗುತ್ತಾ ಹೋದಷ್ಟೂ ಹೊಟ್ಟೆಯಲ್ಲಿ ಮತ್ತು ಕಾಲಿನಲ್ಲಿ ನೀರು ತುಂಬಿಕೊಂಡಿರುವುದರಿಂದ ಒಟ್ಟು ತೂಕ ಹಾಗೆಯೇ ಉಳಿದಿದೆ. ಹೊಟ್ಟೆಯಲ್ಲಿ ಮಧ್ಯಮ ಪ್ರಮಾಣದ ನೀರಿದ್ದರೆ ತೂಕದಲ್ಲಿ ಸುಮಾರು ಶೇ 10ರಷ್ಟನ್ನು, ಕಾಲೂ ಊದಿದ್ದರೆ ಇನ್ನೂ ಶೇ 5ರಷ್ಟನ್ನು ಕಳೆದು ನಿಜ ತೂಕವನ್ನು ಅಂದಾಜು ಮಾಡುವುದು ವೈದ್ಯರ ರೂಢಿ. ಆ ಲೆಕ್ಕದಲ್ಲಿ ನಿಮ್ಮ ತಂದೆಯವರದು 54 ಕೆ.ಜಿ.ಯ ಆಸುಪಾಸಿನಲ್ಲಿರಬಹುದು.

ಈ ಲೆಕ್ಕ ಕೇವಲ ಆಹಾರಕ್ಕಾಗಿ ಅಲ್ಲ. ಲೆನ್ವಾಟಿನಿಬ್ ಅನ್ನು ಯಕೃತ್ತಿನ ಕ್ಯಾನ್ಸರಿಗೆ ಕೊಡುವಾಗ 60 ಕೆ.ಜಿ. ಅಥವಾ ಹೆಚ್ಚು ತೂಕದವರಿಗೆ ದಿನಕ್ಕೆ 12 ಮಿ.ಗ್ರಾಂ, ಅದಕ್ಕಿಂತ ಕಡಿಮೆ ಇದ್ದವರಿಗೆ 8 ಮಿ.ಗ್ರಾಂ ಎಂಬ ಕ್ರಮವಿದೆ. ನೀರಿನ ಭಾರವೂ ಸೇರಿದ 63 ಕೆ.ಜಿ.ಯನ್ನು ನೋಡಿ ಪ್ರಮಾಣ ನಿರ್ಧಾರವಾಗಿದೆಯೇ ಎಂಬುದನ್ನು ಮುಂದಿನ ಭೇಟಿಯಲ್ಲಿ ನೇರವಾಗಿ ಕೇಳಿ. ಆದರೆ ನೀವಾಗಿಯೇ ಕ್ಯಾಪ್ಸೂಲ್ ಕಡಿಮೆ ಮಾಡಬೇಡಿ. ಈ ಔಷಧದಿಂದ ಹಸಿವು ಕುಗ್ಗುವುದು, ಭೇದಿ, ಆಯಾಸ ಸಾಮಾನ್ಯ. ಥೈರಾಯ್ಡ್ ಮಂದವಾಗುವುದೂ ಉಂಟು. ಥೈರಾಯ್ಡ್ ಮಂದವಾದರೂ ಸ್ನಾಯು ಸೋಲುತ್ತದೆ, ಅದಕ್ಕೆ ಸುಲಭದ ಮಾತ್ರೆ ಇದೆ. ಆದ್ದರಿಂದ ಥೈರಾಯ್ಡ್‌ನ ಸ್ಥಿತಿ ತಿಳಿಸುವ ಟಿಎಸ್ಎಚ್ ರಕ್ತಪರೀಕ್ಷೆ ಈಚೆಗೆ ಆಗಿದೆಯೇ ಎಂದೂ ವಿಚಾರಿಸಿ.

ಯಕೃತ್ತಿನ ಕಾಯಿಲೆಯಲ್ಲಿ ಸ್ನಾಯುವೇ ಏಕೆ ಕರಗುತ್ತದೆ ಎಂಬುದನ್ನು ತಿಳಿದುಕೊಂಡರೆ ಪಥ್ಯದ ವಿಷಯ ತಾನಾಗಿ ಸ್ಪಷ್ಟವಾಗುತ್ತದೆ. ಆರೋಗ್ಯವಂತರ ಯಕೃತ್ತು ಗ್ಲೈಕೋಜೆನ್ ರೂಪದಲ್ಲಿ ಶಕ್ತಿಯನ್ನು ಕೂಡಿಟ್ಟುಕೊಂಡು, ರಾತ್ರಿ ಮಲಗಿದಾಗ ಅದನ್ನು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಸಿರೋಸಿಸ್ ಆದ ಯಕೃತ್ತಿನಲ್ಲಿ ಆ ದಾಸ್ತಾನು ತೀರಾ ಕಡಿಮೆ; ಒಂದು ರಾತ್ರಿಯ ಉಪವಾಸ ಅವರ ದೇಹಕ್ಕೆ ಆರೋಗ್ಯವಂತರ ಎರಡು ಮೂರು ದಿನಗಳ ಉಪವಾಸಕ್ಕೆ ಸಮ. ಆಗ ದೇಹವು ಸ್ನಾಯುವನ್ನು ಒಡೆದು ಅದರ ಪ್ರೋಟೀನಿನಿಂದ ಸಕ್ಕರೆ ತಯಾರಿಸಿಕೊಳ್ಳುತ್ತದೆ. ಜೊತೆಗೆ, ಪ್ರೋಟೀನ್ ಒಡೆದಾಗ ಹುಟ್ಟುವ, ಮಿದುಳಿಗೆ ವಿಷವಾಗುವ ಅಮೋನಿಯಾದಲ್ಲಿ ಯಕೃತ್ತು ಶುದ್ಧಗೊಳಿಸಲಾಗದ ಒಂದು ಪಾಲನ್ನು ಸ್ನಾಯುಗಳೇ ಹೀರಿ ನಿರುಪದ್ರವಿಯಾಗಿಸುತ್ತವೆ. ಹೀಗಾಗಿ ಸ್ನಾಯು ಕಳೆದುಕೊಂಡ ರೋಗಿಗೆ ಮಂಪರು, ಗೊಂದಲ, ಹಗಲು ನಿದ್ದೆಯಂಥ ತೊಂದರೆಗಳು ಹೆಚ್ಚು. ಪ್ರೋಟೀನ್ ತಿಂದರೆ ಅಮೋನಿಯಾ ಏರುತ್ತದೆ ಎಂದು ಹಿಂದೆ ವೈದ್ಯರೇ ಬೇಳೆ, ಮೊಟ್ಟೆ ಬಿಡಿಸುತ್ತಿದ್ದರು. ನಿಮ್ಮ ನೆಂಟರ ಮಾತಿಗೂ ಮೂಲ ಅದೇ ಇರಬೇಕು. ಆದರೆ ಮಂಪರು ಬಂದು ಆಸ್ಪತ್ರೆ ಸೇರಿದವರ ಮೇಲೆ ಸ್ಪೇನಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರೋಟೀನ್ ಕಡಿತದಿಂದ ಲಾಭವೇನೂ ಕಾಣಲಿಲ್ಲ, ದೇಹದ ಪ್ರೋಟೀನ್ ಒಡೆಯುವಿಕೆ ಮಾತ್ರ ಹೆಚ್ಚಿತು. ಇಂದಿನ ಶಿಫಾರಸು ಅದಕ್ಕೆ ತೀರಾ ವಿರುದ್ಧ ದಿಕ್ಕಿನದು: ನಿಜ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್, ಕನಿಷ್ಠ 35 ಕಿಲೋಕ್ಯಾಲರಿ ಶಕ್ತಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹೌದು, ಪರಿಣಾಮ ಬೀರುತ್ತದೆ. ಶಸ್ತ್ರಚಿಕಿತ್ಸೆಯಿರಲಿ, ಟೇಸ್ ಇರಲಿ, ಸೊರಾಫೆನಿಬ್ ಅಥವಾ ಲೆನ್ವಾಟಿನಿಬ್‌ನಂಥ ಔಷಧವಿರಲಿ, ಚಿಕಿತ್ಸೆಗೆ ಮೊದಲೇ ಸ್ನಾಯು ಕಡಿಮೆ ಇದ್ದವರು ಸರಾಸರಿಯಲ್ಲಿ ಕಡಿಮೆ ಕಾಲ ಬದುಕಿರುವುದು ಜಪಾನ್, ಕೊರಿಯಾ, ಯುರೋಪಿನ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಚಿಕಿತ್ಸೆಯ ಅವಧಿಯಲ್ಲಿ ಸ್ನಾಯು ವೇಗವಾಗಿ ಇಳಿದವರದೂ ಅದೇ ಕಥೆ. ಔಷಧದ ಅಡ್ಡಪರಿಣಾಮ ತಾಳಲಾಗದೆ ಪ್ರಮಾಣ ಇಳಿಸುವ, ಇಲ್ಲವೇ ನಿಲ್ಲಿಸುವ ಪ್ರಸಂಗ ಅಂಥವರಲ್ಲಿ ಹೆಚ್ಚು. ಔಷಧ ನಿಂತರೆ ಗಡ್ಡೆಗೆ ಕಡಿವಾಣವಿಲ್ಲ. ಕಾಯಿಲೆ ಉಲ್ಬಣಿಸಿದವರಲ್ಲಿ ಸ್ನಾಯುವೂ ಹೆಚ್ಚು ಕರಗುವುದರಿಂದ ಎಲ್ಲ ದೋಷವನ್ನೂ ಸ್ನಾಯುವಿನ ಮೇಲೆಯೇ ಹೊರಿಸುವಂತಿಲ್ಲ, ನಿಜ. ಆದರೂ ಗಡ್ಡೆಯ ಗಾತ್ರ, ಸಂಖ್ಯೆ ನಮ್ಮ ಕೈಯಲ್ಲಿಲ್ಲದಿರುವಾಗ ಮನೆಯವರ ಕೈಗೆ ಎಟಕುವ ಅಂಶ ಇದೊಂದೇ ಎಂಬ ಕಾರಣಕ್ಕೆ ನಾನು ಇದಕ್ಕೆ ಇಷ್ಟು ಒತ್ತು ಕೊಡುತ್ತೇನೆ.

ಸ್ನಾಯು ಎಷ್ಟಿದೆ ಎಂದು ಅಳೆಯಲು ಹೊಸ ಸ್ಕ್ಯಾನ್ ಬೇಕಿಲ್ಲ. ಗಡ್ಡೆಗಾಗಿ ಈಗಾಗಲೇ ಮಾಡಿಸಿರುವ ಸಿ.ಟಿ.ಯಲ್ಲಿ ಸೊಂಟದ ಭಾಗದ ಮೂರನೆಯ ಕಶೇರುಕದ (ಬೆನ್ನುಮೂಳೆಯ ಮಣಿ) ಮಟ್ಟದಲ್ಲಿ ಸ್ನಾಯುವಿನ ವಿಸ್ತೀರ್ಣವನ್ನು ಅಳೆದು, ಎತ್ತರದ ವರ್ಗದಿಂದ ಭಾಗಿಸುತ್ತಾರೆ. ಜಪಾನಿನ ಯಕೃತ್ ತಜ್ಞರ ಸಂಘ ಪುರುಷರಿಗೆ 42, ಮಹಿಳೆಯರಿಗೆ 38 ಚದರ ಸೆಂ.ಮೀ. ಪ್ರತಿ ಚದರ ಮೀಟರಿಗೆ ಎಂಬ ಗಡಿ ಇಟ್ಟಿದೆ. ಮನೆಯಲ್ಲಿ ನೋಡಬೇಕೆಂದರೆ, ಅವರು ಕೈಕಟ್ಟಿ ಕುರ್ಚಿಯಿಂದ ಐದು ಬಾರಿ ಎದ್ದು ಕೂರಲಿ, ಒಬ್ಬರು ಪಕ್ಕದಲ್ಲಿರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಕಸುವು ಕುಗ್ಗಿದೆ ಎಂದರ್ಥ. ಮೀನಖಂಡದ ಸುತ್ತಳತೆ ಮಾತ್ರ ಬೇಡ, ಊತವಿರುವ ಕಾಲಿನಲ್ಲಿ ಅದು ದಾರಿ ತಪ್ಪಿಸುತ್ತದೆ.

ಊಟದ ವಿಷಯದಲ್ಲಿ, 54 ಕೆ.ಜಿ.ಗೆ ದಿನಕ್ಕೆ ಸುಮಾರು 65ರಿಂದ 80 ಗ್ರಾಂ ಪ್ರೋಟೀನ್ ಬೇಕು. ಎರಡು ಮೊಟ್ಟೆ, ಹಾಲು ಮೊಸರು ಸೇರಿ ಅರ್ಧ ಲೀಟರ್, ಮೂರು ಹೊತ್ತಿಗೆ ಹಂಚಿ 90 ಗ್ರಾಂ ಬೇಳೆ ಅಥವಾ ಕಾಳು, ಜೊತೆಗೆ ಮುದ್ದೆಯೋ ಅನ್ನವೋ ಎರಡೂವರೆ ನೂರು ಗ್ರಾಂ ಧಾನ್ಯದಷ್ಟು ಆದರೆ 65 ಗ್ರಾಂ ತಲುಪುತ್ತದೆ. ಒಂದೇ ಸಲಕ್ಕೆ ಇಷ್ಟು ಸೇರುವುದಿಲ್ಲ. ಹೊಟ್ಟೆಯ ನೀರು ಜಠರವನ್ನು ಒತ್ತುವುದರಿಂದ ಎರಡು ತುತ್ತಿಗೇ ಸಾಕೆನಿಸುತ್ತದೆ. ಆದ್ದರಿಂದ ಐದಾರು ಸಲ ಸ್ವಲ್ಪಸ್ವಲ್ಪವೇ ಕೊಡಿ, ಮತ್ತು ಮಲಗುವ ಮುನ್ನ ಹಾಲಿನಲ್ಲಿ ಹುರಿಹಿಟ್ಟು ಕಲಸಿಯೋ ರಾಗಿ ಅಂಬಲಿ ಮಾಡಿಯೋ ಇನ್ನೂರು ಕಿಲೋಕ್ಯಾಲರಿಯಷ್ಟು ತಪ್ಪದೆ ಕೊಡಿ. ಸಿರೋಸಿಸ್ ರೋಗಿಗಳಿಗೆ ಒಂದು ವರ್ಷ ಪೌಷ್ಟಿಕ ಪೇಯ ಕೊಟ್ಟು ನೋಡಿದ ನ್ಯೂಜಿಲೆಂಡ್‌ನ ಅಧ್ಯಯನವೊಂದರಲ್ಲಿ (2008) ರಾತ್ರಿ ಕುಡಿದವರ ಮೈಯಲ್ಲಿ ಸುಮಾರು ಎರಡು ಕಿಲೋದಷ್ಟು ಕೊಬ್ಬುರಹಿತ ಅಂಗಾಂಶ ಕೂಡಿತು. ಅದನ್ನೇ ಹಗಲು ಕುಡಿದವರಲ್ಲಿ ಹಾಗಾಗಲಿಲ್ಲ. ಮಧುಮೇಹವಿದ್ದರೆ ಸಕ್ಕರೆ ಬೆಲ್ಲ ಬಿಟ್ಟು ಇದನ್ನೇ ಮಾಡಿ. ನೀರು ತುಂಬಿರುವುದರಿಂದ ಉಪ್ಪು ದಿನಕ್ಕೆ 5 ಗ್ರಾಂ ದಾಟದಿರಲಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ. ಮೈಯ ನೀರಿಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನಡೆಯುತ್ತಿದ್ದರೆ ಎಳನೀರನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ಪೊಟ್ಯಾಶಿಯಂ ಅಪಾಯಕರ ಮಟ್ಟಕ್ಕೆ ಏರಬಹುದು. ಅಮೃತಬಳ್ಳಿಯ ಕಷಾಯವೂ ಬೇಡ. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ.

ವಿಶ್ರಾಂತಿಯನ್ನು ಇಂದಿನಿಂದಲೇ ಸಡಿಲಿಸಿ. ಮನೆಯಂಗಳದಲ್ಲಿ ಹತ್ತು ನಿಮಿಷದ ನಡಿಗೆ ದಿನಕ್ಕೆ ಎರಡು ಮೂರು ಸಲ, ಕುರ್ಚಿಯಿಂದ ಎದ್ದು ಕೂರುವುದು ಎಂಟು ಹತ್ತು ಸಲ. ಮೊದಮೊದಲು ಕೈಯೂರಿದರೂ ಚಿಂತೆಯಿಲ್ಲ. ಆದರೆ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂಬುದನ್ನು ಎಂಡೋಸ್ಕೋಪಿ ವರದಿ ತೋರಿಸಿ ಕೇಳಿಕೊಳ್ಳುವವರೆಗೆ ಉಸಿರು ಬಿಗಿಹಿಡಿದು ಭಾರ ಎತ್ತುವ ಕೆಲಸ ಬೇಡವೇ ಬೇಡ.

ಮುಂದಿನ ಭೇಟಿಗೆ ಹೋಗುವಾಗ ಕಳೆದ ವರ್ಷದ ಮತ್ತು ಈಚಿನ ಸಿ.ಟಿ. ಎರಡನ್ನೂ, ಒಂದು ವಾರ ಅವರು ತಿಂದದ್ದನ್ನು ಬರೆದಿಟ್ಟ ಹಾಳೆಯನ್ನೂ ಕೊಂಡೊಯ್ದು, ಸ್ನಾಯುವಿನ ಅಳತೆ ಹೋಲಿಸಿ ಹೇಳುವಂತೆ ಹಾಗೂ ಆಹಾರತಜ್ಞರಿಗೆ ತೋರಿಸುವಂತೆ ಕೇಳಿ. ಈ ನಡುವೆ ಜ್ವರ, ಹೊಟ್ಟೆನೋವು, ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ ಅಥವಾ ಮಾತಿನಲ್ಲಿ ಗೊಂದಲ ಕಂಡರೆ ಆ ದಿನಾಂಕಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.