ಎಚ್. ಪೈಲೋರಿ ಇದ್ದರೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬರುತ್ತದಾ?

ನಿಮ್ಮ ಪ್ರಶ್ನೆ ಓದಿದಾಗ ನಾಲ್ಕು ವರ್ಷದ ಹಿಂದಿನ ನನ್ನ ಪರಿಸ್ಥಿತಿಯೇ ನೆನಪಾಯಿತು. ಎಂಡೋಸ್ಕೋಪಿ ಮಾಡಿಸಿದ್ದೀರಿ, ರಿಪೋರ್ಟಿನಲ್ಲಿ ಎಚ್. ಪೈಲೋರಿ (ಜಠರದಲ್ಲಿ ವಾಸ ಮಾಡುವ ಒಂದು ಬ್ಯಾಕ್ಟೀರಿಯಾ) ಪಾಸಿಟಿವ್ ಅಂತ ಬಂದಿದೆ, ಅದಕ್ಕೂ ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ, ಕ್ಯಾನ್ಸರಿಗೂ ಸಂಬಂಧ ಇದೆ ಅಂತ ಎಲ್ಲೋ ಓದಿದ್ದೀರಿ, ಈಗ ರಾತ್ರಿ ನಿದ್ದೆ ಬರುತ್ತಿಲ್ಲ. ಮಾತ್ರೆ ಕೋರ್ಸ್ ಮುಗಿಸಿದರೆ ಆ ಅಪಾಯ ಹೋಗುತ್ತದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ನನ್ನ ಚಿಕ್ಕಪ್ಪ ಪ್ಯಾಂಕ್ರಿಯಾಸ್ ಕ್ಯಾನ್ಸರಿನಿಂದಲೇ ತೀರಿಕೊಂಡರು, ಮರುವರ್ಷ ನನ್ನ ರಿಪೋರ್ಟಿನಲ್ಲೂ ಇದೇ ಬ್ಯಾಕ್ಟೀರಿಯಾ ಕಾಣಿಸಿತು. ಆಗ ಸಿಕ್ಕ ಅಧ್ಯಯನಗಳನ್ನೆಲ್ಲ ಒಂದೊಂದಾಗಿ ಓದಿದೆ, ಅರ್ಥವಾಗದ್ದನ್ನು ನನ್ನನ್ನು ನೋಡುತ್ತಿದ್ದ ಡಾಕ್ಟರ್ ಹತ್ತಿರ ಕೇಳಿ ತಿಳಿದುಕೊಂಡೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಈ ಬ್ಯಾಕ್ಟೀರಿಯಾಗೂ ಜಠರದ ಕ್ಯಾನ್ಸರಿಗೂ ಇರುವ ನಂಟು ಗಟ್ಟಿಯಾಗಿ ಸಾಬೀತಾಗಿದೆ. ಪ್ಯಾಂಕ್ರಿಯಾಸ್ ವಿಷಯದಲ್ಲಿ ನಂಟು ಇರಬಹುದು, ಇದ್ದರೂ ಸಣ್ಣದು, ಮತ್ತು ಒಂದು ಅಧ್ಯಯನ ಹೇಳಿದ್ದಕ್ಕೆ ಇನ್ನೊಂದು ತಾಳೆಯಾಗುವುದಿಲ್ಲ. ಚಿಕಿತ್ಸೆ ಖಂಡಿತ ತಗೊಳ್ಳಿ, ಆದರೆ ಅದನ್ನು ಜಠರಕ್ಕಾಗಿ ತಗೊಳ್ಳಿ.

ಈ ಎರಡರ ನಡುವೆ ಎಷ್ಟು ಅಂತರ ಇದೆ ಅಂತ ಗೊತ್ತಾದ ಮೇಲೇ ನನಗೆ ಸಮಾಧಾನ ಆಗಿದ್ದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಹೊಟ್ಟೆಯ ಅಷ್ಟು ಆಸಿಡ್ ಒಳಗೆ ಬ್ಯಾಕ್ಟೀರಿಯಾ ಬದುಕುತ್ತದೆ ಅಂದರೆ ಯಾರೂ ನಂಬಲಿಲ್ಲ. ಕೊನೆಗೆ ಮಾರ್ಷಲ್ ತಾವೇ ಅದನ್ನು ಕುಡಿದು, ಹೊಟ್ಟೆ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಮೊದಲ ಗುಂಪಿಗೆ ಸೇರಿಸಿತ್ತು. ಆದರೆ ಗಮನಿಸಿ, ಅದು ಹೇಳಿದ್ದು ಜಠರದ ಬಗ್ಗೆ. ಪ್ಯಾಂಕ್ರಿಯಾಸ್ ಆ ಪಟ್ಟಿಯಲ್ಲಿ ಇರಲಿಲ್ಲ. "ಕ್ಯಾನ್ಸರ್ ತರುವ ಬ್ಯಾಕ್ಟೀರಿಯಾ" ಅನ್ನುವ ಮಾತನ್ನು ಓದಿದಾಗ ಯಾವ ಅಂಗದ ಕ್ಯಾನ್ಸರ್ ಅನ್ನುವುದು ನಮ್ಮ ತಲೆಯಿಂದ ಜಾರಿಹೋಗುತ್ತದೆ, ಭಯ ಮಾತ್ರ ಉಳಿಯುತ್ತದೆ.

ಹಾಗಾದರೆ ಪ್ಯಾಂಕ್ರಿಯಾಸ್ ಮಾತು ಎಲ್ಲಿಂದ ಬಂತು? ಜಠರದ ಹಿಂದೆಯೇ ಅಡ್ಡವಾಗಿ ಇರುವ ಅಂಗ ಅದು. ಅದರ ರಸ ಸಣ್ಣ ಕರುಳಿನ ಮೊದಲ ಭಾಗಕ್ಕೆ ಬಂದು ಬೀಳುತ್ತದೆ. ಬ್ಯಾಕ್ಟೀರಿಯಾ ವಾಸ ಮಾಡುವುದು ಜಠರದ ಲೋಳೆ ಪದರದಲ್ಲಿ, ಪ್ಯಾಂಕ್ರಿಯಾಸ್ ಒಳಗಲ್ಲ. ಆದರೂ ದೂರದಿಂದಲೇ ಪರಿಣಾಮ ಬೀರಬಹುದು ಅನ್ನುವುದು ವಾದ. ಜಠರದ ಕೆಳಭಾಗದಲ್ಲಿ ಸೋಂಕು ಇದ್ದವರಲ್ಲಿ ಆಸಿಡ್ ಜಾಸ್ತಿ ಬರುತ್ತದೆ. ಆ ಆಸಿಡ್ ಕರುಳಿಗೆ ಇಳಿದಾಗ ಸೆಕ್ರೆಟಿನ್ ಅನ್ನುವ ಹಾರ್ಮೋನ್ ಹೊರಬರುತ್ತದೆ. ಅದು ಪ್ಯಾಂಕ್ರಿಯಾಸ್‌ಗೆ "ಕ್ಷಾರ ಕಳಿಸು, ಈ ಆಸಿಡ್ ತಣಿಸು" ಅಂತ ಹೇಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಅಲ್ಲಿನ ನಾಳಗಳ ಒಳಪದರದ ಕೋಶಗಳು ಬಿಡುವಿಲ್ಲದೆ ದುಡಿಯುತ್ತವೆ, ಹೆಚ್ಚು ಹೆಚ್ಚು ವಿಭಜನೆಯಾಗುತ್ತವೆ. ಕೋಶ ವಿಭಜನೆ ಜಾಸ್ತಿಯಾದಷ್ಟೂ ತಪ್ಪು ನುಸುಳುವ ಅವಕಾಶವೂ ಜಾಸ್ತಿ.

ಇನ್ನೊಂದು ದಾರಿ ಇದಕ್ಕೆ ಪೂರ್ತಿ ಉಲ್ಟಾ. ಕೆಲವರಲ್ಲಿ ಸೋಂಕು ಜಠರದ ಮೇಲ್ಭಾಗದ ಆಸಿಡ್ ಮಾಡುವ ಕೋಶಗಳನ್ನೇ ಸವೆಸಿಬಿಡುತ್ತದೆ. ಆಸಿಡ್ ಕಡಿಮೆಯಾದ ಹೊಟ್ಟೆಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಅವು ನೈಟ್ರೋಸಮೈನ್ ಅನ್ನುವ ವಸ್ತುಗಳನ್ನು ಮಾಡುತ್ತವೆ, ರಕ್ತದ ಮೂಲಕ ಅವು ಪ್ಯಾಂಕ್ರಿಯಾಸ್ ತಲುಪಬಹುದು. ತಂಬಾಕಿನ ಹೊಗೆಯಲ್ಲೂ ಇದೇ ಜಾತಿಯ ವಸ್ತುಗಳಿವೆ. ಒಂದು ದಾರಿಗೆ ಆಸಿಡ್ ಜಾಸ್ತಿ ಇರಬೇಕು, ಇನ್ನೊಂದಕ್ಕೆ ಕಡಿಮೆ ಇರಬೇಕು. ಎರಡೂ ಕೇಳಲು ಸರಿಯಾಗಿಯೇ ಇವೆ, ಅಲ್ವಾ? ಆದರೆ ಕೇಳಲು ಸರಿಯಾಗಿರುವುದಕ್ಕೂ ಸಾಬೀತಾಗುವುದಕ್ಕೂ ದೂರ ಇದೆ.

ಅಧ್ಯಯನಗಳಿಗೆ ಬರೋಣ. ಎಲ್ಲರೂ ಎತ್ತಿ ಹೇಳುವುದು 2001ರಲ್ಲಿ ಬಂದ ಫಿನ್ಲೆಂಡಿನ ಅಧ್ಯಯನವನ್ನು. ಸೋಂಕಿನ ಗುರುತು ರಕ್ತದಲ್ಲಿ ಇದ್ದವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಪಾಯ 1.87 ಪಟ್ಟು ಅಂತ ಅದು ಹೇಳಿತು. ಓದಿದ ದಿನ ನನ್ನ ಕೈ ನಡುಗಿತ್ತು. ಆಮೇಲೆ ನೋಡಿದರೆ ಅದರಲ್ಲಿದ್ದವರೆಲ್ಲ ಸಿಗರೇಟ್ ಸೇದುವ ಗಂಡಸರು, ಕ್ಯಾನ್ಸರ್ ಬಂದವರು 121 ಮಂದಿ ಮಾತ್ರ. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ ಆ ಸಂಖ್ಯೆ 1.38ಕ್ಕೆ ಇಳಿಯಿತು. 2017ರಲ್ಲಿ ಯುರೋಪಿನ ಹಲವು ದೇಶಗಳ ಜನರನ್ನು ಮೊದಲಿನಿಂದ ಹಿಂಬಾಲಿಸಿದ ದೊಡ್ಡ ಯೋಜನೆಯೊಳಗೆ ಹುಡುಕಿದಾಗ ನಂಟೇ ಕಾಣಲಿಲ್ಲ.

ಬ್ಯಾಕ್ಟೀರಿಯಾದ ತಳಿಯ ವಿಷಯವಂತೂ ಇನ್ನೂ ಗೋಜಲು. ಕೆಲವು ತಳಿಗಳಲ್ಲಿ ಕ್ಯಾಗ್-ಎ ಅನ್ನುವ ಪ್ರೋಟೀನ್ ಇರುತ್ತದೆ, ಜಠರಕ್ಕೆ ಹೆಚ್ಚು ಹಾನಿ ಮಾಡುವುದು ಅವೇ. ಫಿನ್ಲೆಂಡಿನಲ್ಲಿ ಪ್ಯಾಂಕ್ರಿಯಾಸ್‌ಗೂ ಅವುಗಳಿಂದಲೇ ಅಪಾಯ ಜಾಸ್ತಿ ಕಂಡಿತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 2010ರಲ್ಲಿ ನೋಡಿದರೆ ಆ ಪ್ರೋಟೀನ್ ಇಲ್ಲದ ತಳಿಗಳಲ್ಲೇ ಅಪಾಯ ಕಂಡಿತು, ಅದೂ ಮುಖ್ಯವಾಗಿ 'ಓ' ಅಲ್ಲದ ರಕ್ತದ ಗುಂಪಿನವರಲ್ಲಿ. ಅದೇ ತಂಡ ಚೀನಾದ ಶಾಂಘೈನಲ್ಲಿ ನೋಡಿದಾಗ ಕ್ಯಾಗ್-ಎ ಇದ್ದವರಿಗೆ ಅಪಾಯ ಕಡಿಮೆ ಅಂತಲೇ ಬಂತು. ಒಂದೇ ಬ್ಯಾಕ್ಟೀರಿಯಾ, ಮೂರು ಕಡೆ ಮೂರು ಉತ್ತರ. ಜಠರದ ಕ್ಯಾನ್ಸರ್ ವಿಷಯದಲ್ಲಿ ಹೀಗೆ ಆಗಿಲ್ಲ, ಅಲ್ಲಿ ಎಲ್ಲಿ ನೋಡಿದರೂ ಬಾಣ ಒಂದೇ ಕಡೆ ತೋರಿಸುತ್ತದೆ.

ನನಗೆ ಕಾಡಿದ ಇನ್ನೊಂದು ವಿಷಯ ಹೇಳಬೇಕು. ಈ ಸೋಂಕು ಸಾಮಾನ್ಯವಾಗಿ ಹತ್ತುವುದು ಚಿಕ್ಕಂದಿನಲ್ಲಿ, ಇಕ್ಕಟ್ಟಾದ ಮನೆ, ಶುದ್ಧ ನೀರಿಲ್ಲದ ಜಾಗ, ಇಂಥ ಕಡೆ. ಹಾಗಾಗಿ ಅನುಕೂಲಸ್ಥ ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸೋಂಕು ಕಡಿಮೆಯಾಗುತ್ತಾ ಬಂದಿದೆ, ಅದರ ಜೊತೆ ಜಠರದ ಕ್ಯಾನ್ಸರೂ ಇಳಿದಿದೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಮಾತ್ರ ಇಳಿದಿಲ್ಲ. ಇದೊಂದರಿಂದಲೇ ಏನೂ ಸಾಬೀತಾಗುವುದಿಲ್ಲ ನಿಜ, ಬೊಜ್ಜು ಮತ್ತು ಆಯಸ್ಸು ಎರಡೂ ಈ ಮಧ್ಯೆ ಹೆಚ್ಚಿವೆ. ಆದರೆ ಬ್ಯಾಕ್ಟೀರಿಯಾವೇ ದೊಡ್ಡ ಕಾರಣ ಆಗಿದ್ದರೆ ಎಲ್ಲೋ ಒಂದು ಕಡೆ ಅದರ ಗುರುತು ಕಾಣಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

"ಇಷ್ಟು ಪಟ್ಟು" ಅಂತ ಓದಿದಾಗ ಮೂಲ ಸಂಖ್ಯೆ ಎಷ್ಟು ಅಂತಲೂ ಕೇಳಿ. ಅಮೆರಿಕದ ಲೆಕ್ಕದಲ್ಲಿ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುವುದು 1000 ಜನರಲ್ಲಿ ಸುಮಾರು 17 ಮಂದಿಗೆ. 1.38 ಪಟ್ಟು ಪೂರ್ತಿ ನಿಜ ಅಂತಲೇ ಇಟ್ಟುಕೊಳ್ಳಿ, 17 ಇದ್ದದ್ದು 23-24 ಆಗುತ್ತದೆ. ಉಳಿದ 976 ಜನರಿಗೆ ಬ್ಯಾಕ್ಟೀರಿಯಾ ಇದ್ದರೂ ಈ ಕಾಯಿಲೆ ಬರುವುದಿಲ್ಲ. ಜಗತ್ತಿನ ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಇದು ಇದೆ ಅಂತ ಬಹಳ ಕಾಲದಿಂದ ಅಂದಾಜು ಮಾಡಿದ್ದಾರೆ ಅನ್ನುವುದನ್ನೂ ನೆನಪಿಡಿ.

ಈಗ ನಿಮ್ಮ ಎರಡನೇ ಪ್ರಶ್ನೆ, ಮಾತ್ರೆಯ ಬಗ್ಗೆ. ಬ್ಯಾಕ್ಟೀರಿಯಾ ಹೋದರೆ ಪ್ಯಾಂಕ್ರಿಯಾಸ್ ಅಪಾಯ ಇಳಿಯುತ್ತದೆ ಅನ್ನುವುದು ಚಿಕಿತ್ಸಾ ಪ್ರಯೋಗದಿಂದ ಸಾಬೀತಾಗಿಲ್ಲ. ಜಠರದ್ದು ಸಾಬೀತಾಗಿದೆ. ಚೀನಾದ ಶಾಂಡೊಂಗ್ ಪ್ರಾಂತ್ಯದಲ್ಲಿ 1995ರಲ್ಲಿ ಬರೀ 2 ವಾರ ಔಷಧ ಕೊಟ್ಟವರನ್ನು 22 ವರ್ಷ ಹಿಂಬಾಲಿಸಿದರು, ಔಷಧ ತಗೊಳ್ಳದವರಿಗಿಂತ ಅವರಲ್ಲಿ ಜಠರದ ಕ್ಯಾನ್ಸರ್ ಸುಮಾರು ಅರ್ಧದಷ್ಟು ಕಡಿಮೆ ಇತ್ತು. 2 ವಾರದ ಮಾತ್ರೆಗೆ ಇಷ್ಟು ಸಿಗುವುದಾದರೆ ಅದು ಬಹಳ ದೊಡ್ಡ ಲಾಭ. ಅಲ್ಸರ್ ಮರುಕಳಿಸುವುದೂ ತಪ್ಪುತ್ತದೆ.

ಪ್ಯಾಂಕ್ರಿಯಾಸ್ ಬಗ್ಗೆ ನಿಜಕ್ಕೂ ಚಿಂತೆ ಇದ್ದರೆ ಆ ಚಿಂತೆಯನ್ನು ಬೇರೆ ಕಡೆ ತಿರುಗಿಸಿ. ಸಿಗರೇಟ್ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ, ಇದರಲ್ಲಿ ಅಧ್ಯಯನಗಳ ನಡುವೆ ಜಗಳ ಇಲ್ಲ, ಬಿಟ್ಟ ಮೇಲೆ ವರ್ಷ ಕಳೆದಂತೆ ಆ ಅಪಾಯ ಇಳಿಯುತ್ತದೆ. ಬೊಜ್ಜು, ಹಳೆಯ ಸಕ್ಕರೆ ಕಾಯಿಲೆ, ಪ್ಯಾಂಕ್ರಿಯಾಸ್‌ನ ದೀರ್ಘಕಾಲದ ಉರಿಯೂತ, ವಿಪರೀತ ಕುಡಿತ ಇವೂ ಸೇರುತ್ತವೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಬಂದಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ, ಆಗ ವಂಶವಾಹಿ ಪರೀಕ್ಷೆ ಬೇಕಾಗಬಹುದು.

ನನ್ನ ಚಿಕ್ಕಪ್ಪನಿಗೆ 61ನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂತು. ದಪ್ಪ ಇರಲಿಲ್ಲ, ಮನೆಯಲ್ಲಿ ಯಾರಿಗೂ ಇರಲಿಲ್ಲ. ತೂಕ ಇಳಿಯುತ್ತಾ ಬಂತು, ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹೋಗುತ್ತಿತ್ತು. ನಾಲ್ಕು ತಿಂಗಳು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದರು, ನಾವೂ ಸಕ್ಕರೆ ಪಥ್ಯದಿಂದ ಸಣ್ಣಗಾಗಿದ್ದಾರೆ ಅಂದುಕೊಂಡೆವು. ಕಣ್ಣು ಹಳದಿಯಾದ ಮೇಲೆ ಸ್ಕ್ಯಾನ್ ಮಾಡಿಸಿದಾಗ ಎಲ್ಲ ಮುಗಿದಿತ್ತು. 50 ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದ 100 ಜನರಲ್ಲಿ ಸುಮಾರು ಒಬ್ಬರಿಗೆ 3 ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಉಳಿದ 99 ಜನರದ್ದು ಬರೀ ಸಕ್ಕರೆ ಕಾಯಿಲೆಯೇ. ಆದರೆ ಅದರ ಜೊತೆ ತೂಕವೂ ಇಳಿಯುತ್ತಿದ್ದರೆ ಸುಮ್ನೆ ಕೂರಬೇಡಿ, ಸ್ಕ್ಯಾನ್ ಬೇಕಾ ಅಂತ ಬಾಯಿಬಿಟ್ಟು ಕೇಳಿ. ನಾವು ಕೇಳಲಿಲ್ಲ. ನಾನು ಇಷ್ಟುದ್ದ ಬರೆಯುತ್ತಿರುವುದೂ ಆ ಕಾರಣಕ್ಕೇ.

ನಿಮ್ಮ ಕೋರ್ಸ್ ಬಗ್ಗೆ ಕೊನೆಯದಾಗಿ ಎರಡು ಮಾತು. ಸಾಮಾನ್ಯವಾಗಿ 14 ದಿನ ಕೊಡುತ್ತಾರೆ, ಬಾಯಿ ಕಹಿಯಾಗುತ್ತದೆ, ಹೊಟ್ಟೆ ಕೆಡುತ್ತದೆ, ಆದರೂ ನಡುವೆ ಬಿಡಬೇಡಿ. ಈಗ ಕೆಲವು ಆ್ಯಂಟಿಬಯೋಟಿಕ್‌ಗಳಿಗೆ, ಮುಖ್ಯವಾಗಿ ಕ್ಲಾರಿಥ್ರೋಮೈಸಿನ್‌ಗೆ, ಈ ಬ್ಯಾಕ್ಟೀರಿಯಾ ಜಗ್ಗುತ್ತಿಲ್ಲ. ನನ್ನದು ಮೊದಲ ಕೋರ್ಸಿನಲ್ಲಿ ಹೋಗಲಿಲ್ಲ, ಎರಡನೇ ಸಲ ಬಿಸ್ಮತ್ ಅನ್ನುವ ಔಷಧವನ್ನೂ ಸೇರಿಸಿ ಕೊಟ್ಟ ಮೇಲೆ ಹೋಯಿತು. ಅದು ಗೊತ್ತಾಗಿದ್ದೂ ಮತ್ತೆ ಟೆಸ್ಟ್ ಮಾಡಿಸಿದ್ದರಿಂದ. ಔಷಧ ಮುಗಿದು ಕನಿಷ್ಠ 4 ವಾರ ಆದ ಮೇಲೆ, ಆಸಿಡ್ ಕಡಿಮೆ ಮಾಡುವ ಮಾತ್ರೆಯನ್ನು ಡಾಕ್ಟರಿಗೆ ಹೇಳಿ 2 ವಾರ ನಿಲ್ಲಿಸಿ, ಉಸಿರಿನ ಟೆಸ್ಟ್ ಅಥವಾ ಮಲದ ಟೆಸ್ಟ್ ಮಾಡಿಸಿ. ರಕ್ತದ ಟೆಸ್ಟ್ ಇದಕ್ಕೆ ಬೇಡ, ಬ್ಯಾಕ್ಟೀರಿಯಾ ಹೋದ ಮೇಲೂ ಅದು ಎಷ್ಟೋ ತಿಂಗಳು ಪಾಸಿಟಿವ್ ಅಂತಲೇ ತೋರಿಸುತ್ತಿರುತ್ತದೆ.