ಪೈಲಟ್ ಸಿಮ್ಯುಲೇಟರ್ ಟೆಸ್ಟಿನ್ಯಾಗ ಲ್ಯಾಂಡಿಂಗ್ ಗೇರ್, ಅಂದ್ರ ವಿಮಾನದ ಗಾಲಿ, ಕೈಕೊಟ್ರ ಏನ್ ಮಾಡ್ಬೇಕು? ಚೆಕ್‌ಲಿಸ್ಟ್ ಪೂರಾ ಬಾಯಿಪಾಠ ಇರಬೇಕಾ? ಟೆಸ್ಟಿಗೆ ಇನ್ನ ಎಂಟ ದಿನ ಐತಿ.

ಬಾಯಿಪಾಠದ ಮಾತ ಬಿಡು ತಮ್ಮಾ. ನಾನೂ ಹುಬ್ಬಳ್ಳಿ ನವನಗರದಾಗ ಬಾಡಿಗಿ ರೂಮಿನ ಗ್ವಾಡಿಗೆ ಕಾಕ್‌ಪಿಟ್ ಪೋಸ್ಟರ್ ಹಚ್ಚಿ ರಾತ್ರಿ ಎರಡರ ತನಕಾ ಉರು ಹೊಡದಾಂವನ. ಅಪ್ಪ ಬ್ಯಾಡಗಿ ಕಡೆ ಎರಡೆಕ್ರೆ ಮೆಣಸಿನಕಾಯಿ ಹೊಲಾ ಮಾರಿ ಲೈಸೆನ್ಸ್ ಮಾಡಿಸಿದ್ದ. ಸೆಲೆಕ್ಷನ್ ಸಿಮ್ಯುಲೇಟರ್‌ನ್ಯಾಗ ನಾಕ ನಿಮಿಷಕ್ಕ ಎಲ್ಲಾ ಹೊಳ್ಯಾಗ ಹುಣಸೆಹಣ್ಣು ತೊಳದಂಗಾತು.

ಆಟೋಪೈಲಟ್ ಇಲ್ಲ, ಕೈಲೇ ಹಾರಸಬೇಕು. ಗೇರ್ ಲಿವರ್ ಕೆಳಗ ಮಾಡಿದ್ವಿ, ಮೂರು ಹಸಿರು ದೀಪ ಬರಬೇಕಲ್ಲ, ಎರಡ ಬಂದ್ವು, ಮುಂದಿನ ಗಾಲಿದು ಕತ್ತಲ. ಗೋ ಅರೌಂಡ್ (ಇಳಿಯೂದು ಬಿಟ್ಟು ಮತ್ತ ಮ್ಯಾಲ ಹತ್ತೂದು) ಅಂದೆ, 3,000 ಅಡಿಗೆ ಹತ್ತಿಸಿ ನೆಟ್ಟಗ ಮಾಡ್ದೆ, ಅಲ್ಲೀತನಾ ಬರೋಬ್ಬರಿ ಇತ್ತು. ಬಾಜು ಕುಂತಾಂವ ಚೆಕ್‌ಲಿಸ್ಟ್ ಪುಸ್ತಕದಾಗ ಹಾಳಿ ಹುಡುಕಾಕತ್ತಿದ್ದ, ನನಗದು ಬಾಯಿಪಾಠ ಇತ್ತಲ್ಲ, ತಡಕೊಳ್ಳಾಕ ಆಗಲಿಲ್ಲ, ಬಿಡೋ ನಾ ಮಾಡ್ತೀನಿ ಅಂದು ಲಿವರ್ ಕಡೆ ಬಗ್ಗಿದೆ. ಇದ ನೋಡು ತಪ್ಪು. ಲಿವರ್ ಮುಟ್ಟಿದ್ದಲ್ಲ, ದೀಪ ನೋಡಿದ್ದಲ್ಲ, ವಿಮಾನ ಅವನ ಕೈಗೆ ಕೊಡದನ ಬಗ್ಗಿದ್ದು. 'ಯು ಹ್ಯಾವ್ ಕಂಟ್ರೋಲ್' ಅಂತ ಮೂರ ಶಬ್ದ, ಬಾಯಾಗ ಬರಲೇ ಇಲ್ಲ. ಅಂವಾ ತಿಳಕೊಂಡಾನ ನಾ ಹಾರಸಾಕತ್ತೀನಿ ಅಂತ, ನಾ ಖರೇ ಹೇಳಬೇಕಂದ್ರ ಏನೂ ತಿಳಕೊಂಡಿರಲಿಲ್ಲ, ಆ ದೀಪ ಒಂದ ಕಾಣ್ತಿತ್ತು. ಇನ್‌ಸ್ಟ್ರಕ್ಟರ್ ಸಿಮ್ಯುಲೇಟರ್ ನಿಲ್ಲಿಸಿದಾಗ 2,300 ಅಡಿ. ಯಾರು ಹಾರಸಾಕತ್ತಿದ್ರಿ ಅಂತ ಕೇಳಿದ್ರು, ಒಬ್ರ ಮಾರಿ ಒಬ್ರು ನೋಡಿದ್ವಿ. ಗಾಲಿ ಇಳದ ಇತ್ತಂತ, ಅವ್ರು ಬರೇ ಬಲ್ಬ್ ಕೆಡಿಸಿದ್ರು.

1972ರ ಡಿಸೆಂಬರ್ 29ಕ್ಕ ಮಯಾಮಿ ಹತ್ರ ಈಸ್ಟರ್ನ್ ಏರ್‌ಲೈನ್ಸಿನ 401 ನಂಬರ್ ವಿಮಾನದಾಗ ಇದ ಆಗಿತ್ತು, 2,000 ಅಡಿ ಮ್ಯಾಲ ಆಟೋಪೈಲಟ್‌ಗೆ ಬಿಟ್ಟು ಎಲ್ಲಾರೂ ಸುಟ್ಟ ಬಲ್ಬಿನ ಬೆನ್ನು ಹತ್ತಿದ್ರು, ವಿಮಾನ ಸಾವಕಾಶ ಇಳಕೋತ ಹೋಗಿ ಜವುಗಿಗೆ ಬಿತ್ತು, 101 ಮಂದಿ ಸತ್ರು. 1978ರಾಗ ಪೋರ್ಟ್‌ಲ್ಯಾಂಡಿನ್ಯಾಗ ಯುನೈಟೆಡ್ ಏರ್‌ಲೈನ್ಸಿನ 173 ಗೇರಿನ ಚಿಂತ್ಯಾಗ ಸುಮಾರು ಒಂದ ತಾಸು ಸುತ್ತಿ ಎಣ್ಣಿ ಖಾಲಿ ಮಾಡಕೊಂಡು ಬಿತ್ತು, 10 ಮಂದಿ. ಆದ್ರ 2011ರಾಗ ವಾರ್ಸಾದಾಗ ಗಾಲಿ ಒಂದೂ ಇಳೀಲಿಲ್ಲ, ಬೋಯಿಂಗ್ 767ನ್ನ ಹೊಟ್ಟಿ ಮ್ಯಾಲ ಇಳಸಿದ್ರು, 231 ಮಂದಿ ಇದ್ರು, ಒಬ್ಬರೂ ಸಾಯಲಿಲ್ಲ. ಗಾಲಿಗೆ ಅಷ್ಟ್ಯಾಕ ಅಂಜತಿ ನೀ?

ಸ್ಟಾಲ್ (ರೆಕ್ಕಿ ಎತ್ತೋ ಬಲ ಕಳಕೊಳ್ಳೂದು), ವಿಂಡ್‌ಶಿಯರ್ (ಗಾಳಿ ಒಮ್ಮಿಗೆ ದಿಕ್ಕು, ವೇಗ ಬದಲಿಸೂದು) ಅಂಥಾವು ಬಾಯಿಪಾಠ ಬೇಕ, ಒಪ್ತೀನಿ. ಗೇರಿಗೆ ಟೈಮ್ ಇರ್ತದ. ಏರ್‌ಬಸ್ ಎ320 ವಿಮಾನದಾಗ ಕಡೀಕ ನಡುವಿನ ಹ್ಯಾಂಡಲ್ ಎಳದು ಮೂರು ಸುತ್ತು ತಿರುವಿದ್ರ ಗಾಲಿ ತಮ್ಮ ಭಾರಕ್ಕ ತಾವ ಬೀಳ್ತಾವು, ಅದನ್ನೂ ಓದೇ ಮಾಡಬೇಕು, ಓದಾಂವ ಒಬ್ಬ, ಹಾರಸಾಂವ ಒಬ್ಬ. ಬಾಯಿಪಾಠ ಇದ್ದಾಂವಗ ಕೈ ಸುಮ್ನಿರಂಗಿಲ್ಲ.

ಇನ್ನ ಎಂಟ ದಿನ ಐತಿ ಅಂದಿ. ಚೆಕ್‌ಲಿಸ್ಟ್ ಬ್ಯಾರೆಯವರ ಕೈಯಾಗ ಕೊಟ್ಟು ಬಾಜು ಕೂಡಿಸು, ಅವ್ರು ತಪ್ಪು ಹಾಳಿ ತೆಗೀಲಿ, ಓದಕೋತ ತೊದಲ್ಲಿ, ನೀ ಬಾಯಿ ಮುಚ್ಚಿ ಗಡಿಯಾರದ ಸೆಕೆಂಡ್ ಮುಳ್ಳು ನೋಡಕೋತ ಕೂಡು. ಫೇಲಾದ ಮ್ಯಾಲ ಒಂದೂವರೆ ವರ್ಷ ಗದಗದಾಗ ಮಾವನ ಟ್ರ್ಯಾಕ್ಟರ್ ಸ್ಪೇರ್ ಅಂಗಡ್ಯಾಗ ಕುಂತಿದ್ದೆ, ದಿನಾ ರಾತ್ರಿ ಅವ್ವನ್ನ ಕೂಡಿಸ್ಕೊಂಡು ಇದನ್ನ ಮಾಡೀನಿ. ಆಕಿಗೆ ಇಂಗ್ಲೀಷ್ ಅಕ್ಷರ ಕೂಡಿಸಿ ಓದಾಕ ಭಾಳ ಹೊತ್ತು ಹಿಡೀತಿತ್ತು, ಅದಕ್ಕ ನನಗ ಆಕಿನ ಬೇಕಾಗಿದ್ಲು.