ಫೋನು ‘ನೋ ಸಿಮ್’ ಅಂತಿದೆಯಾ? ರೀಸೆಟ್ ಮಾಡುವ ಮೊದಲು ಸಿಮ್ ಅದಲುಬದಲು ಮಾಡಿ ನೋಡಿ

ನಿಮ್ಮ ಅಮ್ಮನ ಫೋನಿನಲ್ಲಿ ಮೂರು ದಿನದಿಂದ ‘ನೋ ಸಿಮ್’ ಅಂತ ಬರುತ್ತಿದೆ, ಆಫ್ ಮಾಡಿ ಆನ್ ಮಾಡಿದರೂ ಹೋಗಿಲ್ಲ, ಅಂಗಡಿಯವರು ಬೋರ್ಡ್ (ಫೋನಿನ ಒಳಗಿನ ಮುಖ್ಯ ಸರ್ಕ್ಯೂಟ್) ಹೋಗಿದೆ ಅಂದಿದ್ದಾರೆ, ಫ್ಯಾಕ್ಟರಿ ರೀಸೆಟ್ ಮಾಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ರೀಸೆಟ್ ಮಾಡಬೇಡಿ. ಅಮ್ಮನ ಫೋಟೊ, ವಾಟ್ಸಾಪ್ ಎಲ್ಲ ಅಳಿಸಿಹೋಗುತ್ತದೆ. ಮತ್ತೆ ವಾಟ್ಸಾಪ್ ಹಾಕಲು ಅದೇ ನಂಬರಿಗೆ ಒಟಿಪಿ ಬರಬೇಕು. ಸಿಮ್ಮೇ ಓಡದಿದ್ದರೆ ಒಟಿಪಿ ಎಲ್ಲಿಂದ ಬರುತ್ತೆ?

ನಾನು ಸಾಗರದಲ್ಲಿ ಹನ್ನೊಂದು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ‘ನೋ ಸಿಮ್’ ಅಂತ ನನ್ನ ಟೇಬಲ್ಲಿಗೆ ಬಂದ ಫೋನುಗಳಲ್ಲಿ ಬೋರ್ಡ್ ಕೆಟ್ಟಿದ್ದು ಕಡಿಮೆ. ಜಾಸ್ತಿ ಸಲ ತೊಂದರೆ ಇದ್ದದ್ದು ಸಿಮ್ಮಿನಲ್ಲೇ, ಇಲ್ಲವೇ ಅದನ್ನು ಇಡುವ ಟ್ರೇಯಲ್ಲಿ. ಹಾಗಾಗಿ ಯಾರಿಗೂ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡೂ ಫೋನ್ ಆಫ್ ಮಾಡಿ, ಅಮ್ಮನ ಸಿಮ್ ನಿಮ್ಮ ಫೋನಿಗೆ ಹಾಕಿ, ನಿಮ್ಮದನ್ನು ಅಮ್ಮನ ಫೋನಿಗೆ ಹಾಕಿ. ಅಷ್ಟು ಹೊತ್ತು ಯುಪಿಐ ಆ್ಯಪ್ ತೆರೆಯಬೇಡಿ. ಸಿಮ್ ಬೇರೆ ಕಂಡರೆ ಅದು ಮತ್ತೆ ರಿಜಿಸ್ಟರ್ ಮಾಡಿ ಅನ್ನಬಹುದು.

ಅಮ್ಮನ ಸಿಮ್ ನಿಮ್ಮ ಫೋನಿನಲ್ಲೂ ಬರದೆ, ನಿಮ್ಮ ಸಿಮ್ ಅಮ್ಮನ ಫೋನಿನಲ್ಲಿ ಬಂದರೆ ತೊಂದರೆ ಸಿಮ್ಮಿನಲ್ಲಿದೆ, ಫೋನು ಚೆನ್ನಾಗಿದೆ. ಅಮ್ಮನ ಸಿಮ್ ನಿಮ್ಮ ಫೋನಿನಲ್ಲಿ ಬಂದು, ನಿಮ್ಮ ಸಿಮ್ ಅಮ್ಮನ ಫೋನಿನಲ್ಲಿ ಬರದಿದ್ದರೆ ಆಗ ಫೋನನ್ನು ನೋಡಬೇಕು. ಎರಡೂ ಕಡೆ ಎರಡೂ ಬಂದರೆ ಸಿಮ್ ಸರಿಯಾಗಿ ಕೂತಿರಲಿಲ್ಲ, ಅಷ್ಟೇ.

ಇನ್ನೊಂದು ಮಾತು. ‘ನೋ ಸಿಮ್’ ಬೇರೆ, ‘ನೋ ಸರ್ವಿಸ್’ ಬೇರೆ. ಮೊದಲನೆಯದು ಬಂದರೆ ಫೋನಿಗೆ ಕಾರ್ಡನ್ನೇ ಓದಲು ಆಗುತ್ತಿಲ್ಲ. ಎರಡನೆಯದರಲ್ಲಿ ಕಾರ್ಡ್ ಓದಿದೆ, ನೆಟ್‌ವರ್ಕ್ ಸಿಕ್ಕಿಲ್ಲ. ರೀಚಾರ್ಜ್ ಮುಗಿದಿದೆಯೇನೋ ಅಂತ ಸುಮ್ನೆ ರೀಚಾರ್ಜ್ ಮಾಡಿಸಿ ಬರುವವರನ್ನು ನೋಡಿ ಬೇಜಾರಾಗುತ್ತದೆ. ರೀಚಾರ್ಜ್ ಮುಗಿದ ಮಾತ್ರಕ್ಕೆ ‘ನೋ ಸಿಮ್’ ಅಂತ ಬರುವುದಿಲ್ಲ.

ಟ್ರೇ ಹೊರಗೆ ತೆಗೆದಾಗ ಟಾರ್ಚ್ ಬೆಳಕಲ್ಲಿ ನಿಧಾನವಾಗಿ ನೋಡಿ. ಹೋದ ಮಳೆಗಾಲದಲ್ಲಿ ಒಬ್ಬರು ಅಜ್ಜಿ ಇದೇ ತೊಂದರೆ ಅಂತ ಫೋನು ತಂದಿದ್ದರು. ಬೇರೆ ಕಡೆ ಬೋರ್ಡ್ ಬದಲಿಸಬೇಕು ಅಂದಿದ್ದರಂತೆ. ಸಿಮ್ ತೆಗೆದು ನೋಡಿದರೆ ಚಿನ್ನದ ಬಣ್ಣದ ಭಾಗದ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಲೆ. ಒದ್ದೆ ಕೊಡೆಯ ಜೊತೆ ಫೋನನ್ನೂ ಅದೇ ಚೀಲದಲ್ಲಿ ಇಡುತ್ತಿದ್ದರಂತೆ. ಪೆನ್ಸಿಲ್ ಅಳಿಸುವ ಮೆತ್ತನೆ ರಬ್ಬರಿನಿಂದ ನಾಲ್ಕೈದು ಸಲ ಹಗುರವಾಗಿ ಉಜ್ಜಿದೆ, ಪುಡಿ ಪೂರ್ತಿ ಒರೆಸಿ ಹಾಕಿದೆ. ಸಿಗ್ನಲ್ ಕಡ್ಡಿಗಳು ಬಂದವು. ಅಜ್ಜಿ ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿದರು.

ನೀವೂ ಹಾಗೇ ಮಾಡಿ. ಬ್ಲೇಡು, ಉಗುರು, ಉಪ್ಪು ಕಾಗದ ಬೇಡ. ಮೇಲಿನ ಲೇಪ ತೀರಾ ತೆಳು, ಕೆರೆದರೆ ಹೋಗಿಬಿಡುತ್ತದೆ. ಸ್ಲಾಟಿನೊಳಗೆ ಬಾಯಿಂದ ಊದಲೂಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ.

ಸಿಮ್ ಹಳೆಯದಾ, ದೊಡ್ಡ ಸಿಮ್ಮನ್ನು ಕಟ್ ಮಾಡಿಸಿದ್ದಾ ಅಂತ ಅಮ್ಮನನ್ನು ಕೇಳಿ. ಈಗಿನ ನ್ಯಾನೊ ಸಿಮ್ 12.3 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ಅದರ ದಪ್ಪ 0.67 ಮಿ.ಮೀ., ಹಳೆಯ ಸಿಮ್ಮಿನದು 0.76. ಕತ್ತರಿಸಿದರೆ ಉದ್ದ ಅಗಲ ಸರಿಹೋಗುತ್ತದೆ, ದಪ್ಪ ಹಾಗೇ ಉಳಿಯುತ್ತದೆ. ಅದನ್ನು ಒತ್ತಿ ತೂರಿಸಿದರೆ ಒಳಗಿನ ಸ್ಪ್ರಿಂಗ್ ಪಿನ್‌ಗಳು ಬಾಗುತ್ತವೆ. ಸಿಮ್ ಸಡಿಲ ಅಂತ ಹಿಂದೆ ಕಾಗದ ಮಡಚಿ ಇಟ್ಟರೂ ಅದೇ ಕಥೆ.

ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್ ಆಫ್ ಆಗಿದೆಯಾ ಅಂತಲೂ ನೋಡಿಬಿಡಿ. ಎರಡು ಸಿಮ್ಮಿನ ಫೋನಾದರೆ ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ.

ಇಷ್ಟಾದರೂ ಫೋನು ಯಾವ ಸಿಮ್ಮನ್ನೂ ತಗೊಳ್ಳದಿದ್ದರೆ *#06# ಒತ್ತಿ. 15 ಅಂಕಿಯ ಐಎಂಇಐ ನಂಬರ್, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರಬೇಕು. ಅದು ಬಂದರೆ ಸ್ಲಾಟಿನ ಪಿನ್ ಮೇಲೆ ನನಗೆ ಅನುಮಾನ ಜಾಸ್ತಿ. ಸ್ಲಾಟ್ ಮಾತ್ರ ಬದಲಿಸಬಹುದು, ಪೂರ್ತಿ ಬೋರ್ಡ್ ಬೇಡ. ಆ ಜಾಗ ಖಾಲಿ ಬಂದರೆ ಮಾತ್ರ ಬೋರ್ಡ್ ಅಥವಾ ಸಾಫ್ಟ್‌ವೇರ್ ಮಾತು ಬರುತ್ತದೆ. ಆಗ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ.

ಸಿಮ್ಮೇ ಸತ್ತಿದ್ದರೆ ನಂಬರ್ ಯಾರ ಹೆಸರಲ್ಲಿದೆಯೋ ಅವರೇ ಆಧಾರ್ ತಗೊಂಡು ಸಿಮ್ ಕಂಪನಿಯ ಅಂಗಡಿಗೆ ಹೋಗಬೇಕು. ಅದೇ ನಂಬರಿಗೆ ಹೊಸ ಸಿಮ್ ಕೊಡುತ್ತಾರೆ. ಒಂದು ವಿಷಯ ಮೊದಲೇ ತಿಳಿದಿರಲಿ: ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ಇಟ್ಟಿರುವ ನಿಯಮ ಅದು. ಬ್ಯಾಂಕಿನ ಒಟಿಪಿಯೂ ಬರುವುದಿಲ್ಲ, ಆದ್ದರಿಂದ ಕರೆಂಟ್ ಬಿಲ್ಲು, ಔಷಧಿ ಖರ್ಚಿಗೆ ಒಂದು ದಿನದ ಮಟ್ಟಿಗೆ ಅಮ್ಮನ ಕೈಯಲ್ಲಿ ನಗದು ಇರಲಿ.

ನಿಮ್ಮದು ‘ನೋ ಸಿಮ್’ ಅಲ್ಲ, ಯಾರೂ ಮುಟ್ಟದೆ ಇದ್ದಕ್ಕಿದ್ದ ಹಾಗೆ ‘ನೋ ಸರ್ವಿಸ್’ ಅಂತ ಬಂದು ಹಾಗೇ ಉಳಿದಿದ್ದು ಅಂತಾದರೆ ಕಾಯಬೇಡಿ. ಬೇರೆಯವರು ಮೋಸದಿಂದ ನಿಮ್ಮ ನಂಬರಿಗೆ ಹೊಸ ಸಿಮ್ ಮಾಡಿಸಿಕೊಂಡಿರಬಹುದು. ಬೇರೆ ಫೋನಿನಿಂದ ಸಿಮ್ ಕಂಪನಿಗೂ ಬ್ಯಾಂಕಿಗೂ ಕೂಡಲೇ ಹೇಳಿ. ಖಾತೆಯಿಂದ ದುಡ್ಡು ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅದಲುಬದಲು ಮಾಡಿದಾಗ ಏನಾಯಿತು, ಐಎಂಇಐ ಬಂತಾ ಇಲ್ವಾ, ಫೋನು ಯಾವ ಮಾಡೆಲ್, ಇಷ್ಟು ಬರೆಯಿರಿ. ಐಎಂಇಐ ನಂಬರನ್ನು ಮಾತ್ರ ಇಲ್ಲಿ ಹಾಕಬೇಡಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಉತ್ತರ ಕೊಡುತ್ತೇನೆ.